ಘಟ್ಟ ಹತ್ತಿದವರ ಮುಪ್ಪಿನ ಲೆಕ್ಕ

ದುಡಿಯುವ ಊರು ಒಂದು, ಮುಪ್ಪು ಕಳೆಯುವ ಊರು ಇನ್ನೊಂದು ಆದಾಗ, ದುಡಿದ ವರ್ಷಗಳ ಲೆಕ್ಕ ಇಡುವವರು ಯಾರು? ವಿದೇಶದಲ್ಲಿ ನೆಲೆಸಿದ ಎಂಜಿನಿಯರು, ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆ ಇದೆಂದು ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಭಾವಿಸಿರಬಹುದು. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಈ ಪ್ರಶ್ನೆ ಒಂದೂವರೆ ಶತಮಾನಕ್ಕೂ ಹಳೆಯದು.

ಕಾಫಿ ಬೀಜ ತಂದ ಬಾಬಾ ಬುಡನ್ ಅವರ ಕಥೆ ಎಲ್ಲರಿಗೂ ಗೊತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೀಜ ದೊಡ್ಡ ತೋಟಗಳಾಗಿ ಹಬ್ಬಿದಾಗ ಹಣ್ಣು ಕೊಯ್ಯಲು ಕೈಗಳು ಸಾಲಲಿಲ್ಲ. ಘಟ್ಟದ ಕೆಳಗಿನಿಂದ ಜನ ಬಂದರು. ಇಂದು ಮೂಡಿಗೆರೆಯಿಂದ ಚಾರ್ಮಾಡಿ ಇಳಿದು ಬೆಳ್ತಂಗಡಿ ಸೇರುವವರಿಗೆ ಅದು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋದಷ್ಟೇ. 1956ರ ನವೆಂಬರ್ 1ರವರೆಗೆ ಹಾಗಿರಲಿಲ್ಲ. ಕೆಳಗೆ ಮದರಾಸು ಆಡಳಿತದ ದಕ್ಷಿಣ ಕನ್ನಡ, ಮೇಲೆ ಮೈಸೂರು. ಕೆಳಗಿನ ಗದ್ದೆ ಕೊಯ್ಲು ಮುಗಿಸಿ ಘಟ್ಟ ಹತ್ತಿ, ಮಳೆಗಾಲಕ್ಕೆ ಮುನ್ನ ಇಳಿಯುತ್ತಿದ್ದ ತುಳು, ಕನ್ನಡ ಮಾತನಾಡುವ ಕೂಲಿಗಳು ವರ್ಷಕ್ಕೆ ಎರಡು ಬಾರಿ ಒಂದು ರಾಜ್ಯದ ಗಡಿ ದಾಟುತ್ತಿದ್ದರು. ಗಡಿಯ ಅರಿವು ಅವರಿಗೆ ಇದ್ದಿರಲಾರದು. ಸರ್ಕಾರಗಳಿಗೆ ಇತ್ತು.

ಇವರ ಕೈಗೆ ಮೊದಲು ಬರುತ್ತಿದ್ದ ಹಣ ಉಳಿತಾಯವಲ್ಲ, ಸಾಲ. ತೋಟದ ದೊರೆ ಮೇಸ್ತ್ರಿಗೆ ಹಣ ಕೊಡುತ್ತಿದ್ದ. ಮೇಸ್ತ್ರಿ ಊರಿಗೆ ಹೋಗಿ ಮನೆಮನೆಗೆ ಮುಂಗಡ ಹಂಚಿ ಆಳು ಕರೆತರುತ್ತಿದ್ದ. ದುಡಿದ ಕೂಲಿ ಆ ಮುಂಗಡಕ್ಕೆ ವಜಾ ಆಗಿ, ಬಟವಾಡೆಯ ದಿನ ಉಳಿಯುತ್ತಿದ್ದುದು ಅಲ್ಪ. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮೂರು ತಿಂಗಳವರೆಗೆ ಸೆರೆಗೆ ಹಾಕಲು ಅವಕಾಶ ಕೊಡುವ ಕಾಯ್ದೆಯೊಂದು ಬ್ರಿಟಿಷ್ ಭಾರತದಲ್ಲಿ 1859ರಿಂದ ಇತ್ತು. ಅದು ರದ್ದಾದದ್ದು 1926ರಲ್ಲಿ. ಅಂದರೆ ಕೂಲಿಯವನ ಸಾಲವನ್ನು ನೆನಪಿಡಲು ಕಾನೂನು ಇತ್ತು, ಅವನ ದುಡಿಮೆಯ ವರ್ಷಗಳನ್ನು ನೆನಪಿಡಲು ಯಾವುದೂ ಇರಲಿಲ್ಲ. ಮುಂದಿನ ಕಥೆಯೆಲ್ಲ ಈ ಎರಡನೆಯ ನೆನಪಿನದು.

ಉಳಿತಾಯದ ಬುದ್ಧಿ ಜನರಲ್ಲಿ ಇರಲಿಲ್ಲವೆಂದು ತಿಳಿಯಬೇಡಿ. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು 1882ರಲ್ಲೇ ಬಂದಿತ್ತು. ಆದರೆ ದಿನಗೂಲಿಯವನಿಗೆ ಹೊಂದುವ ಉಪಾಯ ಹುಟ್ಟಿದ್ದು ಘಟ್ಟದ ಕೆಳಗೆ, ಉಡುಪಿಯಲ್ಲಿ. 1925ರಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟನೇ ದಿನವೂ ಬಾಗಿಲಿಗೆ ಬಂದು ಎರಡಾಣೆ ಪಡೆದು ಹೋಗುವುದು. ಎರಡಾಣೆ ಎಷ್ಟು ಸಣ್ಣದೆಂದು ನಗುವ ಮೊದಲು ಲೆಕ್ಕ ಮಾಡಿ ನೋಡಿ: ಎಂಟು ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಕೂಲಿಯವನಿಗೆ ಆಗ ಅದು ದೊಡ್ಡ ಮೊತ್ತವೇ. ಆದರೆ ದಿನವೂ ಬಾಗಿಲಿಗೆ ಬರುವ ಏಜೆಂಟನಿಗೆ ದಿನವೂ ಅದೇ ಬಾಗಿಲಲ್ಲಿ ಜನ ಸಿಗಬೇಕು. ವರ್ಷದ ಅರ್ಧ ಘಟ್ಟದ ಮೇಲಿನ ಲೈನು ಮನೆಯಲ್ಲಿ ಕಳೆಯುವ ಕುಟುಂಬಕ್ಕೆ ಪಿಗ್ಮಿ ಹೇಗೆ ಹಿಡಿಸೀತು?

ಸ್ವಾತಂತ್ರ್ಯಾನಂತರ ಮೂರು ಕಾನೂನುಗಳು ಚಿತ್ರ ಬದಲಿಸಿದವು. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಆಸ್ಪತ್ರೆ, ಶಾಲೆಗಳನ್ನು ಮಾಲೀಕನ ಹೊಣೆಯಾಗಿಸಿತು. 1952ರ ಭವಿಷ್ಯ ನಿಧಿ ಕಾಯ್ದೆ ಮೊದಲು ಸಿಮೆಂಟು, ಬಟ್ಟೆ, ಕಾಗದ ಮುಂತಾದ ಆರು ಉದ್ಯಮಗಳಿಗಷ್ಟೇ ಇದ್ದು, 1957ರಲ್ಲಿ ಕಾಫಿ ತೋಟಗಳಿಗೂ ಬಂತು. 1972ರ ಗ್ರಾಚ್ಯುಟಿ ಕಾಯ್ದೆ, ಐದು ವರ್ಷ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ನಿವೃತ್ತಿಯ ಹಣ ಕೊಡಿಸಿತು. ಭವಿಷ್ಯ ನಿಧಿಯ ಮೂಲ ದರ ಶೇಕಡಾ ಆರೂಕಾಲು. ಈ ವಿಚಿತ್ರ ಸಂಖ್ಯೆ ಏಕೆಂದರೆ, ಅದು ರೂಪಾಯಿಗೆ ಒಂದಾಣೆ! ಕಾರ್ಮಿಕನದೊಂದಾಣೆ, ಮಾಲೀಕನದೊಂದಾಣೆ.

ಆದರೆ ಯಾರಿಗೆ? ಆರಂಭದ ನಿಯಮದಂತೆ ಒಂದು ವರ್ಷದ ಸತತ ಸೇವೆ ಅಥವಾ 240 ದಿನಗಳ ಕೆಲಸ ಆಗಿರಬೇಕಿತ್ತು. ಕೊಯ್ಲಿಗೆ ಬಂದು ಮಳೆಗೆ ಇಳಿಯುವವರು ಅಷ್ಟು ದಿನ ಎಲ್ಲಿಂದ ತರಬೇಕು? ತೋಟದಲ್ಲೇ ನೆಲೆಸಿದವರು ಪಟ್ಟಿಗೆ ಸೇರಿದರು, ಬಂದುಹೋಗುವವರು ಹೊರಗುಳಿದರು. ಕೆಲಸದ ಮೊದಲ ದಿನದಿಂದಲೇ ಸದಸ್ಯತ್ವ ಎಂದಾದದ್ದು 1990ರ ನವೆಂಬರಿನಲ್ಲಿ. ಆಗಲೂ ಇಪ್ಪತ್ತಕ್ಕಿಂತ ಕಡಿಮೆ ಆಳುಗಳ ತೋಟ ಕಾಯ್ದೆಯ ಹೊರಗೇ. ನಮ್ಮ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು ಸಣ್ಣ ಬೆಳೆಗಾರರವು ಎಂಬುದನ್ನು ನೆನೆದರೆ ಹೊರಗುಳಿದವರ ಅಂದಾಜು ಸಿಕ್ಕೀತು.

ಗಡಿ ಕೆಲವೊಮ್ಮೆ ಸಮುದ್ರವೂ ಆಗುತ್ತದೆ. ಸಿಂಹಳದಲ್ಲಿ 1869ರ ನಂತರ ಎಲೆ ತುಕ್ಕು ರೋಗ ಕಾಫಿಯನ್ನು ನಾಶ ಮಾಡಿ, ಅಲ್ಲಿ ಚಹಾ ಬೆಳೆಯಿತು. ಅಲ್ಲಿ ದುಡಿದ ತಮಿಳು ಕಾರ್ಮಿಕರ ಬಗ್ಗೆ 1964ರ ಅಕ್ಟೋಬರಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡರು. 5,25,000 ಜನರನ್ನು ಭಾರತ ಸ್ವೀಕರಿಸಬೇಕು, 3,00,000 ಜನರಿಗೆ ಅಲ್ಲೇ ಪೌರತ್ವ. ಈ ಸಂಖ್ಯೆಗಳನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಅದೇ ಒಪ್ಪಂದದಲ್ಲಿ ಕಣ್ಣಿಗೆ ಬೀಳದ ಮಾತೊಂದಿದೆ: ಮರಳುವವರು ತಮ್ಮ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ಸಹಿತ ಆಸ್ತಿಯನ್ನು ಒಯ್ಯಬಹುದು, ಒಂದು ಕುಟುಂಬ ಒಯ್ಯಬಹುದಾದ ಗರಿಷ್ಠ ಮಿತಿಯನ್ನು 4,000 ರೂಪಾಯಿಗಿಂತ ಕೆಳಗೆ ಇಳಿಸಬಾರದು. ಕೂಲಿಕಾರರ ನಿವೃತ್ತಿ ಹಣ ದೇಶದ ಗಡಿ ದಾಟಬಹುದು ಎಂದು ಎರಡು ಪ್ರಧಾನಿಗಳು ಬರೆದುಕೊಟ್ಟದ್ದು ಸಣ್ಣ ಸಂಗತಿಯಲ್ಲ. ಹೀಗೆ ಮರಳಿದವರಲ್ಲಿ ಹಲವು ಕುಟುಂಬಗಳು ಘಟ್ಟದ ಬುಡದ ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದವು. ಗಂಟಿನ ಹಣ ಬಂತು, ನಿಜ. ಆದರೆ ಸಿಂಹಳದಲ್ಲಿ ದುಡಿದ ವರ್ಷಗಳು ಇಲ್ಲಿನ ಸೇವೆಗೆ ಕೂಡಲಿಲ್ಲ. ಇಲ್ಲಿ ಎಲ್ಲರೂ ಹೊಸ ನೌಕರರು.

ಹಣ ಬೇರೆ, ವರ್ಷಗಳು ಬೇರೆ ಎಂಬ ಈ ಭೇದವನ್ನು ಸ್ಪಷ್ಟಪಡಿಸಿದ್ದು 1995ರ ನೌಕರರ ಪಿಂಚಣಿ ಯೋಜನೆ. ಮಾಲೀಕನ ವಂತಿಗೆಯಲ್ಲಿ ಶೇಕಡಾ 8.33, ಅಂದರೆ ವರ್ಷದಲ್ಲಿ ಒಂದು ತಿಂಗಳ ಸಂಬಳದಷ್ಟು, ಪಿಂಚಣಿ ನಿಧಿಗೆ ಹೋಗುತ್ತದೆ. ಕನಿಷ್ಠ ಹತ್ತು ವರ್ಷ ಸೇವೆಯಾದರೆ 58ರ ನಂತರ ಜೀವನಪೂರ್ತಿ ಪಿಂಚಣಿ. ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಇದರ ಸೂತ್ರ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಬ್ಬಾಕೆ ಮೂಡಿಗೆರೆಯ ಒಂದು ತೋಟದಲ್ಲಿ ಎಂಟು ವರ್ಷ, ಕಳಸದ ಇನ್ನೊಂದರಲ್ಲಿ ಏಳು ವರ್ಷ ದುಡಿದಿದ್ದಾಳೆ. ಎರಡು ಕಡೆ ಎರಡು ಪಿ.ಎಫ್. ನಂಬರು. ಬೇರೆಬೇರೆ ನೋಡಿದರೆ ಎರಡೂ ಹತ್ತಕ್ಕೆ ಕಡಿಮೆ, ಪಿಂಚಣಿ ಇಲ್ಲ. ಕೂಡಿಸಿದರೆ ಹದಿನೈದು; ಸಂಬಳ 7,000 ಎಂದಿಟ್ಟುಕೊಂಡರೆ ತಿಂಗಳಿಗೆ 1,500 ರೂಪಾಯಿ. ಆಕೆ ದುಡಿದದ್ದು ಅಷ್ಟೇ, ವ್ಯತ್ಯಾಸ ವರ್ಗಾವಣೆಯ ಒಂದು ಅರ್ಜಿಯದು. ಮೊದಲ ತೋಟ ಬಿಟ್ಟಾಗ ಮಗಳ ಮದುವೆಗೋ ಅಂಗಡಿಯ ಬಾಕಿಗೋ ಎಂದು ಪಿಂಚಣಿ ಪಾಲನ್ನೂ ಹಿಂಪಡೆದಿದ್ದರೆ ಆ ಎಂಟು ವರ್ಷ ಅಳಿಸಿಹೋಯಿತು. ಮುಂಗಡದ ಕಾಲದ ಬಡ್ಡಿ ಹೀಗೂ ಕೆಲಸ ಮಾಡುತ್ತದೆ! ಋತುಮಾನದ ಕೆಲಸಗಾರರು ವರ್ಷದಲ್ಲಿ ಕೆಲವೇ ತಿಂಗಳು ದುಡಿದರೂ ಅದನ್ನು ಪೂರ್ಣ ವರ್ಷವೆಂದು ಎಣಿಸುವ ಒಳ್ಳೆಯ ನಿಯಮ ಈ ಯೋಜನೆಯಲ್ಲಿ ಇತ್ತು. ಕೊಯ್ಲಿನ ಆಳಿಗೆ ಅದನ್ನು ವಿವರಿಸಿ ಹೇಳುವವರು ಬೇಕಿತ್ತು, ಅಷ್ಟೆ. ಎರಡು ನಂಬರುಗಳ ತೊಡಕು ಬಿಡಿಸಲೆಂದೇ 2014ರಲ್ಲಿ, ತೋಟ ಬದಲಾದರೂ ಬದಲಾಗದ ಒಂದೇ ಖಾತೆ ಸಂಖ್ಯೆ ಬಂತು. ಅದೇ ವರ್ಷ ಕನಿಷ್ಠ ಪಿಂಚಣಿ 1,000 ರೂಪಾಯಿ ಆಯಿತು.

ದೇಶಗಳ ನಡುವಿನ ಪಿಂಚಣಿ ಒಪ್ಪಂದಗಳೂ ಮಾಡುವುದು ಇಷ್ಟೇ: ಎರಡು ಕಡೆಯ ವರ್ಷಗಳನ್ನು ಕೂಡಿಸುವುದು. ಭಾರತದ ಇಂಥ ಮೊದಲ ಒಪ್ಪಂದ ಬೆಲ್ಜಿಯಂ ಜೊತೆ, 2009ರಲ್ಲಿ ಜಾರಿಗೆ ಬಂತು. ಬ್ರಿಟನ್ನಿನಲ್ಲಿ ದುಡಿದು ಇಲ್ಲಿಗೆ ಮರಳಿ ನೆಲೆಸಿದವರಿಗೆ ಅಲ್ಲಿನ ಸರ್ಕಾರಿ ಪಿಂಚಣಿ ಬರುತ್ತದೆ, ಆದರೆ ಬರಲಾರಂಭಿಸಿದ ದಿನದ ಮೊತ್ತದಲ್ಲೇ ನಿಂತುಬಿಡುತ್ತದೆ. ಇಪ್ಪತ್ತು ವರ್ಷದ ಬೆಲೆಯೇರಿಕೆಗೆ ಅದರಲ್ಲಿ ಜಾಗವಿಲ್ಲ.

ಸಣ್ಣ ತೋಟದ ಆಳಿಗೆ ಉಳಿದದ್ದು ರಾಜ್ಯ ಕೊಡುವ ವೃದ್ಧಾಪ್ಯ ವೇತನ. 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಕರ್ನಾಟಕ 2007ರಲ್ಲಿ ಸಂಧ್ಯಾ ಸುರಕ್ಷಾ ತಂದಾಗ 400. ಕೇರಳ 1980ರಲ್ಲೇ ಕೃಷಿ ಕಾರ್ಮಿಕರಿಗೆ ಪಿಂಚಣಿ ಕೊಟ್ಟಿತ್ತು. ಇವು ದುಡಿಮೆಯನ್ನು ಕೇಳುವುದಕ್ಕಿಂತ ವಾಸಸ್ಥಳವನ್ನು ಕೇಳುತ್ತವೆ. ಕಾಸರಗೋಡಿನಿಂದ ಬಂದು ಮೂವತ್ತು ವರ್ಷ ಮೂಡಿಗೆರೆಯಲ್ಲಿ ದುಡಿದವನ ಲೈನು ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಮುಗಿದರೆ ವಿಳಾಸವೂ ಮುಗಿಯಿತು. ಊರಿನ ಪಡಿತರ ಚೀಟಿಯಲ್ಲಿ ಹೆಸರು ಉಳಿದಿದ್ದರೆ ಪುಣ್ಯ. ಈಗ ಅಸ್ಸಾಮಿನಿಂದ ಕೊಯ್ಲಿಗೆ ಬರುವವರಿಗೂ ಇದೇ ಪ್ರಶ್ನೆ ಕಾದಿದೆ.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗಕ್ಕೆ ಕಾರ್ಮಿಕ ಸಂಹಿತೆಗಳು ಬಂದಿವೆ. ಅದಕ್ಕೂ ಮೊದಲು, ಅದೇ ವರ್ಷದ ಜನವರಿಯಿಂದ ನೌಕರರ ಪಿಂಚಣಿಯನ್ನು ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಡೆಯುವ ವ್ಯವಸ್ಥೆ ಜಾರಿಯಾಗಿದೆ. ಚಿಕ್ಕಮಗಳೂರಿನ ಕಚೇರಿ ಮಂಜೂರು ಮಾಡಿದ ಹಣಕ್ಕೆ ಬೆಳ್ತಂಗಡಿಯಲ್ಲಿ ಕಾಗದ ವರ್ಗಾವಣೆಗಾಗಿ ಕಾಯಬೇಕಿಲ್ಲ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪಿಂಚಣಿದಾರರು ತೋರಿಸಬೇಕು. ಅದಕ್ಕೆ ಯಂತ್ರದ ಮೇಲೆ ಬೆರಳಿಡಬೇಕಿತ್ತು. ದಶಕಗಟ್ಟಲೆ ಕೈಕೆಲಸ ಮಾಡಿದವರ ಬೆರಳ ಗೆರೆಗಳು ಸವೆದಿರುತ್ತವೆ, ಯಂತ್ರ ಅವನ್ನು ಗುರುತಿಸದು. 2022ರಿಂದ ಮುಖ ತೋರಿಸಿದರೂ ಸಾಕಾಗಿದೆ.