ಡಾಂಬರು ರಸ್ತೆಯಲ್ಲಿ ಕಾಂಕ್ರೀಟ್ ಮರುಬಳಕೆ

ಕೆಡವಿದ ಕಟ್ಟಡ, ಸೇತುವೆ, ಚರಂಡಿಗಳ ಕಾಂಕ್ರೀಟನ್ನು ಒಡೆದು, ಕಂಬಿ ಬೇರ್ಪಡಿಸಿ, ಜರಡಿ ಹಿಡಿದು ರಸ್ತೆಗೆ ಜಲ್ಲಿಯಾಗಿ ಬಳಸುವ ವಿಧಾನ. ಇದರ ಗುಣ ತಿಳಿಯಲು ಮೊದಲು ಮಾಮೂಲಿ ಜಲ್ಲಿಯನ್ನು ನೋಡಬೇಕು: ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ ಭಾಗದಲ್ಲಿ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯ ಕಲ್ಲು ಗಟ್ಟಿ. ಆದರೆ ಸಿಲಿಕಾ ಹೆಚ್ಚಿರುವ ಇಂಥ ಕಲ್ಲಿನಿಂದ, ನೀರು ತಗುಲಿದಾಗ, ಡಾಂಬರು ಕಳಚಿಕೊಳ್ಳುವ ಸಂಭವ ಹೆಚ್ಚು. ಅದಕ್ಕೇ ಮಿಶ್ರಣಕ್ಕೆ ಸುಣ್ಣದ ಪುಡಿ ಸೇರಿಸುವುದುಂಟು. ಹಳೆಯ ಕಾಂಕ್ರೀಟ್ ಜಲ್ಲಿಗೆ ಅಂಟಿದ ಸಿಮೆಂಟ್ ಗಾರೆ ಕ್ಷಾರಗುಣದ್ದು, ಡಾಂಬರು ಹಿಡಿಯಲು ಅನುಕೂಲ. ತೊಡಕಿರುವುದೂ ಅದೇ ಗಾರೆಯಲ್ಲಿ: ಸಣ್ಣ ರಂಧ್ರಗಳಿರುವುದರಿಂದ ಡಾಂಬರನ್ನು ಹೀರಿ ಖರ್ಚು ಏರಿಸುತ್ತದೆ, ರೋಲರ್ ಅಡಿ ಪುಡಿಯಾಗುತ್ತದೆ. ಡಾಂಬರು ಪದರದ ಜಲ್ಲಿ ಶೇ. 2ಕ್ಕಿಂತ ಹೆಚ್ಚು ನೀರು ಹೀರಬಾರದೆಂಬ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಮಿತಿಯನ್ನು ಹಳೆಯ ಕಾಂಕ್ರೀಟ್ ಜಲ್ಲಿ ಸಾಮಾನ್ಯವಾಗಿ ದಾಟುತ್ತದೆ. ಹಾಗಾಗಿ ತಳಪದರಕ್ಕೇ ಹೆಚ್ಚು ಸೂಕ್ತ. ಮೇಲ್ಪದರದಲ್ಲಿ ಹೊಸ ಜಲ್ಲಿಯೊಂದಿಗೆ ಸ್ವಲ್ಪವೇ ಬೆರೆಸುವುದು ಜಾಣತನ. 2016ರ ಕಟ್ಟಡ ತ್ಯಾಜ್ಯ ನಿಯಮಗಳ ನಂತರ, 2017ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇಂಥ ತ್ಯಾಜ್ಯವನ್ನು ರಸ್ತೆಗೆ ಬಳಸುವ ಬಗ್ಗೆ ಐಆರ್‌ಸಿ 121 ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ಹೊರವಲಯದ ಚಿಕ್ಕಜಾಲದಲ್ಲಿ ಸಂಸ್ಕರಣಾ ಘಟಕವಿದೆ. ಆದರೆ ತುಮಕೂರು ಜಿಲ್ಲೆಯ ಶಿರಾ, ಕೊರಟಗೆರೆಯಿಂದ ಅವಶೇಷವನ್ನು ಅಷ್ಟು ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಜಲ್ಲಿಯ ಬೆಲೆಯನ್ನು ಮೀರೀತು. ಕೆಡವಿದ ಜಾಗಕ್ಕೇ ಸಂಚಾರಿ ಕ್ರಷರ್ ಬಂದರೆ ಮಾತು ಬೇರೆ.