ರೋಗದ ಹೊತ್ತಿನಲ್ಲಿ ಪ್ರಶ್ನೆ: ಕೇಳಿದವರೂ ಕೇಳಿಸಿಕೊಂಡವರೂ

ಸಂಜೆಯ ಬುಲೆಟಿನ್

2020ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿ, ಕುಡಚಿಯ ಹೆಸರು ಕೊರೊನಾ ಸುದ್ದಿಯಲ್ಲಿ ಬಂದಾಗ ಗೋಕಾಕ, ಮೂಡಲಗಿ, ಹುಕ್ಕೇರಿಯ ಮಂದಿಗೂ ಎದೆ ಝಲ್ಲೆಂದಿತ್ತು. ಸಂಜೆ ಮೊಬೈಲಿಗೆ ಬರುತ್ತಿದ್ದ ಆರೋಗ್ಯ ಇಲಾಖೆಯ ಬುಲೆಟಿನ್ನಿನಲ್ಲಿ ಕಣ್ಣು ಮೊದಲು ಹುಡುಕುತ್ತಿದ್ದುದು ‘ಬೆಳಗಾವಿ’ಯನ್ನು. ರೋಗಿಯ ಕ್ರಮಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ ಗೊತ್ತಾಗುತ್ತಿತ್ತು. ಹಾಸಿಗೆ ಎಷ್ಟಿವೆ, ವರದಿ ಯಾಕೆ ತಡ ಎಂಬುದನ್ನು ಯಾರಾದರೂ ಕೇಳಿಯೇ ತಿಳಿಯಬೇಕಿತ್ತು. ಸಚಿವರ ಮಾತುಗಳು ಒಂದಕ್ಕೊಂದು ತಾಳೆಯಾಗದ ಕಾರಣ, ಮಾಹಿತಿ ನೀಡುವ ಹೊಣೆಯನ್ನು ಸರ್ಕಾರ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರಿಗೆ ವಹಿಸಿತ್ತು.

ನೋಡುಗರ ಎರಡು ಮನಸ್ಸು

ಟಿವಿಯಲ್ಲಿ ಪತ್ರಕರ್ತರು ಪ್ರಶ್ನೆ ಕೇಳುವುದನ್ನು ನೋಡಿ “ಇಂಥಾ ಹೊತ್ತಿನ್ಯಾಗ ಡಾಕ್ಟರನ್ನ ಯಾಕ ಕಾಡ್ತಾರ?” ಅನ್ನುವವರಿದ್ದರು. “ಇನ್ನೂ ಗಟ್ಟಿ ಕೇಳಬೇಕಿತ್ತು” ಅನ್ನುವವರೂ ಅದೇ ಕಟ್ಟೆಯ ಮೇಲಿದ್ದರು. ನನಗನ್ನಿಸುವಂತೆ ಜನ ಸಿಟ್ಟಾಗುತ್ತಿದ್ದುದು ಪ್ರಶ್ನೆಗಲ್ಲ, ಕೂಗಾಟಕ್ಕೆ. ಅಧಿಕಾರಿಯ ಮುಂದೆ ಮೆತ್ತಗಾಗಿ, ಸ್ಟುಡಿಯೋದಲ್ಲಿ ಒಂದು ಸಮುದಾಯದ ಮೇಲೆ ಹರಿಹಾಯ್ದ ವಾಹಿನಿಗಳು ಆಗಲೇ ನಂಬಿಕೆ ಕಳಕೊಂಡವು.

ಎರಡು ಕಿಲೋ ಅಕ್ಕಿ

ಈ ಭಾಗದ ದೊಡ್ಡ ಪ್ರಸಂಗದಲ್ಲಿ ಪ್ರಶ್ನೆ ಕೇಳಿದವರು ಪತ್ರಕರ್ತರೇ ಅಲ್ಲ. 2021ರ ಏಪ್ರಿಲ್ 28. ರಾಜ್ಯವಿಡೀ ಕರ್ಫ್ಯೂ, ಸಂತೆ-ಅಂಗಡಿಗೆ ಬೆಳಗ್ಗೆ 6ರಿಂದ 10. ಗದಗ ಜಿಲ್ಲೆಯ ರೈತ ಕಾರ್ಯಕರ್ತರೊಬ್ಬರು ಆಹಾರ ಸಚಿವ ಉಮೇಶ್ ಕತ್ತಿ ಅವರಿಗೆ ಫೋನ್ ಹಚ್ಚಿದರು. ಪಡಿತರದ ಅಕ್ಕಿ 5 ಕಿಲೋದಿಂದ 2 ಕಿಲೋಗೆ ಇಳಿದಿದೆ, ಕೇಂದ್ರದ ಅಕ್ಕಿ ಬರುವತನಕ ಉಪವಾಸ ಬಿದ್ದು ಸಾಯಬೇಕೇ ಎಂದು ಕೇಳಿದರು. ಸಾಯುವುದೇ ಒಳ್ಳೆಯದು ಎಂಬರ್ಥದ ಉತ್ತರ ಬಂತು. ಧ್ವನಿಮುದ್ರಿಕೆ ಕ್ಷಣದಲ್ಲಿ ಊರೂರು ಸುತ್ತಿತು. ಸುದ್ದಿಗಾರರು ಅದನ್ನೇ ಹಿಡಿದು ಕೇಳಿದಾಗ ಸಚಿವರು ಮೊದಲು ಸಮರ್ಥಿಸಿಕೊಂಡರು. ಮುಖ್ಯಮಂತ್ರಿ ಯಡಿಯೂರಪ್ಪ ತಪ್ಪೆಂದ ಮೇಲೆ ಕ್ಷಮೆ ಕೇಳಿದರು. ಕತ್ತಿ ಆಗ ಹುಕ್ಕೇರಿಯ ಶಾಸಕರಾಗಿದ್ದರು, ಎಂಟು ಸಲ ಗೆದ್ದವರು. ಅಲ್ಲಿ “ನಮ್ಮ ಸಾವುಕಾರ್ರು, ಬಾಯಿ ಒರಟು, ಅಷ್ಟ” ಎಂಬ ಮಾತಿಗೂ ಜಾಗವಿತ್ತು. ಆದರೆ 2 ಕಿಲೋ ಅಕ್ಕಿ ಎಷ್ಟು ದಿನ ಬರುತ್ತದೆಂದು ಆ ಮನೆಗಳಿಗೂ ಗೊತ್ತಿತ್ತು.

ಬಿಡದೆ ಕೇಳಿದರೆ

ಅದೇ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದರು ಆಗಿನ ಆರೋಗ್ಯ ಸಚಿವ ಸುಧಾಕರ್. ಮಾಧ್ಯಮ ಆ ‘ಮೂರ’ನ್ನು ಬಿಡಲಿಲ್ಲ, ಹೈಕೋರ್ಟ್ ರಚಿಸಿದ ನ್ಯಾ. ಎ.ಎನ್. ವೇಣುಗೋಪಾಲ ಗೌಡ ಸಮಿತಿಯ ಮುಂದೆ ಆ ಲೆಕ್ಕ ನಿಲ್ಲಲಿಲ್ಲ.

ತಾಲೂಕಿನ ವರದಿಗಾರ

ಬೆಂಗಳೂರಿನಲ್ಲಿ ಸಚಿವರನ್ನು ಕೇಳಿದವರು ಮರುದಿನ ಇನ್ನೊಬ್ಬರನ್ನು ಕೇಳಬಹುದು. ಮೂಡಲಗಿಯ ವರದಿಗಾರನಿಗೆ ಇರುವುದು ಒಬ್ಬರೇ ತಹಶೀಲ್ದಾರರು. ಮರುದಿನವೂ ಅವರನ್ನೇ ಕಾಣಬೇಕು. ಪತ್ರಿಕೆಗೆ ಜಾಹೀರಾತೂ ಊರಿನ ದೊಡ್ಡವರಿಂದಲೇ ಬರಬೇಕು. ಓದುಗರಿಗೆ ಇದು ಗೊತ್ತು. ಅದಕ್ಕೇ ಒಳಪುಟದ ಮೂಲೆಯಲ್ಲಿ “ವೆಂಟಿಲೇಟರ್ ಇದೆ, ನಡೆಸುವವರಿಲ್ಲ” ಎಂಬಂಥ ನಾಲ್ಕು ಸಾಲು ಕಂಡರೆ, ಕೆಳಗೆ ಯಾರ ಹೆಸರಿದೆ ಎಂದು ನೋಡುತ್ತಾರೆ.