ರಾತ್ರಿ ಹನ್ನೆರಡರ ಕಾನೂನು

2011ರ ನವೆಂಬರ್ 20ರಂದು ದಕ್ಷಿಣ ಕೊರಿಯಾದಲ್ಲಿ ಒಂದು ವಿಚಿತ್ರ ಕಾನೂನು ಜಾರಿಗೆ ಬಂತು. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರರವರೆಗೆ ಹದಿನಾರು ತುಂಬದ ಯಾವ ಮಗುವೂ ಆನ್‌ಲೈನ್ ವಿಡಿಯೋ ಗೇಮ್ ಆಡುವಂತಿಲ್ಲ. ಗಂಟೆ ಹನ್ನೆರಡಾದೊಡನೆ ಗೇಮ್ ಕಂಪೆನಿಗಳೇ ಮಕ್ಕಳ ಖಾತೆಗಳ ಬಾಗಿಲು ಹಾಕಬೇಕು. ತಪ್ಪಿದರೆ ಕಂಪೆನಿಗೆ ಶಿಕ್ಷೆ. ಹನ್ನೆರಡು ಹೊಡೆದಾಗ ಸಾರೋಟು ಮತ್ತೆ ಕುಂಬಳಕಾಯಿಯಾಗುವ ಮಕ್ಕಳ ಕತೆಯನ್ನು ನೆನೆದು ಜನರು ಇದನ್ನು 'ಸಿಂಡರೆಲ್ಲಾ ಕಾನೂನು' ಎಂದು ಕರೆದರು. ಹತ್ತು ವರ್ಷ ನಡೆದ ಈ ಕಾನೂನನ್ನು 2022ರ ಜನವರಿ 1ರಿಂದ ಆ ದೇಶವೇ ಕೈಬಿಟ್ಟಿತು.

ನಮ್ಮ ಮನೆಗಳಲ್ಲಿ ಮಕ್ಕಳ ಗೇಮ್ ಗೀಳಿನ ಮಾತು ಬಂದಾಗಲೆಲ್ಲ ಕೊನೆಗೆ ಒಂದೇ ಪ್ರಶ್ನೆ ಏಳುತ್ತದೆ: ಸರಕಾರ ಇದನ್ನೆಲ್ಲ ಯಾಕೆ ನಿಲ್ಲಿಸಬಾರದು? ಕೊರಿಯಾ ನಿಲ್ಲಿಸಿ ನೋಡಿದೆ. ಆದ್ದರಿಂದ ಅದರ ಕತೆಯನ್ನು ನಾವು ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು. ಅದರಲ್ಲೂ ಹೆತ್ತವರು ತಿಳಿದುಕೊಳ್ಳಬೇಕು.

1997ರ ಕೊನೆಯಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟು ಕೊರಿಯಾವನ್ನು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ತಂದು ನಿಲ್ಲಿಸಿತು. ದೊಡ್ಡ ದೊಡ್ಡ ಕಂಪೆನಿಗಳು ನೌಕರರನ್ನು ಮನೆಗೆ ಕಳಿಸಿದವು. ಕೆಲಸ ಕಳೆದುಕೊಂಡವರಲ್ಲಿ ಹಲವರು ಕೈಯಲ್ಲಿದ್ದ ಹಣದಿಂದ ಒಂದಷ್ಟು ಕಂಪ್ಯೂಟರುಗಳನ್ನು ಕೊಂಡು ಅಂಗಡಿ ತೆರೆದರು. ಅವೇ 'ಪಿಸಿ ಬಾಂಗ್'ಗಳು. ಬಾಂಗ್ ಎಂದರೆ ಕೋಣೆ. 1998ರಲ್ಲಿ ಅಧಿಕಾರಕ್ಕೆ ಬಂದ ಕಿಮ್ ಡೇ ಜುಂಗ್ ಸರಕಾರ ವೇಗದ ಇಂಟರ್‌ನೆಟ್ಟಿಗೆ ಹಣ ಸುರಿಯಿತು. ಅದೇ ವರ್ಷ ಅಮೆರಿಕದಿಂದ 'ಸ್ಟಾರ್‌ಕ್ರಾಫ್ಟ್' ಎಂಬ ಯುದ್ಧದ ಆಟ ಬಂತು. ಕೆಲವೇ ವರ್ಷಗಳಲ್ಲಿ ಪಿಸಿ ಬಾಂಗ್‌ಗಳ ಸಂಖ್ಯೆ 20 ಸಾವಿರ ದಾಟಿತು. ಆಟದ ಪಂದ್ಯಗಳನ್ನು ತೋರಿಸಲೆಂದೇ ಟಿವಿ ಚಾನೆಲ್‌ಗಳು ಹುಟ್ಟಿದವು. ಚೆನ್ನಾಗಿ ಆಡುವ ಹುಡುಗರು ಸಿನಿಮಾ ನಟರಷ್ಟೇ ಪ್ರಸಿದ್ಧರಾದರು. ಅಪ್ಪಂದಿರ ನಿರುದ್ಯೋಗದಿಂದ ಹುಟ್ಟಿದ ಅಂಗಡಿಗಳಲ್ಲಿ ಮಕ್ಕಳು ಹೋಗಿ ಕೂತರು.

ಅವರಿಗೆ ಹೋಗಲು ಬೇರೆ ಜಾಗವೂ ಹೆಚ್ಚಿರಲಿಲ್ಲ. ಕೊರಿಯಾದ ಹದಿಹರೆಯದವರ ಬದುಕು ಪರೀಕ್ಷೆಯ ಸುತ್ತ ಗಿರಕಿ ಹೊಡೆಯುತ್ತದೆ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಹೊತ್ತಿನಲ್ಲಿ ಅಲ್ಲಿ ವಿಮಾನಗಳ ಹಾರಾಟವನ್ನೇ ನಿಲ್ಲಿಸುತ್ತಾರೆ. ಶಾಲೆ ಮುಗಿಸಿದ ಮಕ್ಕಳು 'ಹಾಗ್ವಾನ್' ಎಂಬ ಟ್ಯೂಷನ್ ಕೇಂದ್ರಗಳಿಗೆ ಹೋಗುತ್ತಾರೆ. ಅವು ರಾತ್ರಿ ಹತ್ತಕ್ಕಾದರೂ ಮುಚ್ಚಲೇಬೇಕೆಂದು ಸಿಯೋಲ್ ನಗರ ನಿಯಮ ಮಾಡಬೇಕಾಯಿತು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ಈಗ ಲೆಕ್ಕ ಹಾಕಿ ನೋಡಿ. ರಾತ್ರಿ ಹತ್ತಕ್ಕೆ ಟ್ಯೂಷನ್ ಬಿಡುತ್ತದೆ, ಹನ್ನೆರಡಕ್ಕೆ ಆಟ ಮುಚ್ಚುತ್ತದೆ. ನಡುವಿನ ಎರಡು ಗಂಟೆಯಲ್ಲಿ ಮಗು ಊಟ ಮಾಡಬೇಕು, ತಂದೆ ತಾಯಿಯ ಮುಖ ನೋಡಬೇಕು, ಗೆಳೆಯರ ಜೊತೆ ಮಾತಾಡಬೇಕು, ಆಡಲೂಬೇಕು. ಮಕ್ಕಳು ನಡುರಾತ್ರಿಯಲ್ಲಿ ಯಾಕೆ ಆಡುತ್ತಾರೆ ಎಂಬುದಕ್ಕೆ ಉತ್ತರ ಅವರ ಹಗಲಿನಲ್ಲಿತ್ತು.

ಗೀಳು ಮಾತ್ರ ನಿಜವಾಗಿಯೇ ಇತ್ತು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. 2005ರಲ್ಲಿ ಡೇಗು ನಗರದಲ್ಲಿ 28ರ ಯುವಕನೊಬ್ಬ ಹೆಚ್ಚುಕಡಿಮೆ ಐವತ್ತು ಗಂಟೆ ಆಡಿ ಪಿಸಿ ಬಾಂಗ್‌ನಲ್ಲೇ ಕುಸಿದು ಸತ್ತ. 2007ರಲ್ಲಿ ಸರಕಾರವೇ ಹಣ ಕೊಟ್ಟು ಗೀಳಿಗೆ ಬಿದ್ದ ಹುಡುಗರಿಗಾಗಿ ಹನ್ನೆರಡು ದಿನಗಳ ಶಿಬಿರ ನಡೆಸಿತು. ಅಲ್ಲಿ ಸೈನ್ಯದ ಮಾದರಿಯ ಕಸರತ್ತಿತ್ತು, ಮಡಕೆ ಮಾಡುವುದಿತ್ತು, ಡೋಲು ಬಾರಿಸುವುದಿತ್ತು. ಅಂದರೆ ಮಕ್ಕಳಿಗೆ ಊರು, ಮನೆ, ಅಂಗಳಗಳು ಕೊಡಬೇಕಾಗಿದ್ದನ್ನು ಶಿಬಿರ ಕೊಡಬೇಕಾಯಿತು. ಆದರೆ ಇಡೀ ದೇಶವನ್ನು ಬೆಚ್ಚಿಬೀಳಿಸಿದ್ದು 2010ರಲ್ಲಿ ಬೆಳಕಿಗೆ ಬಂದ ಸುವೋನ್ ನಗರದ ಪ್ರಕರಣ. ಗಂಡ ಹೆಂಡತಿ ಇಬ್ಬರೂ ಪಿಸಿ ಬಾಂಗ್‌ನಲ್ಲಿ ಗಂಟೆಗಟ್ಟಲೆ ಕೂತು, ಪರದೆಯ ಮೇಲಿನ ಒಂದು ಹುಡುಗಿಯನ್ನು ಸಾಕಿ ಬೆಳೆಸುವ ಆಟ ಆಡುತ್ತಿದ್ದರು. ಮನೆಯಲ್ಲಿ ಮೂರು ತಿಂಗಳ ಸ್ವಂತ ಹಸುಳೆ ಹಾಲಿಲ್ಲದೆ ಸತ್ತಿತು. ಗೀಳಿನ ಬಗ್ಗೆ ಮಾತಾಡುವಾಗ ನಾವು ಬೆರಳು ತೋರಿಸುವುದು ಮಕ್ಕಳ ಕಡೆಗೆ. ಅಲ್ಲಿ ಗೀಳಿಗೆ ಬಿದ್ದವರು ಹೆತ್ತವರಾಗಿದ್ದರು.

ಇಂಥ ಘಟನೆಗಳ ಕಾವಿನಲ್ಲೇ 2011ರ ಕಾನೂನು ಬಂತು. ಉದ್ದೇಶ ಒಳ್ಳೆಯದೇ, ಮಕ್ಕಳು ನಿದ್ದೆ ಮಾಡಲಿ ಎಂಬುದು. ಆದರೆ ಕಂಪ್ಯೂಟರಿಗೆ ಆಡುವವರ ವಯಸ್ಸು ಗೊತ್ತಾಗುವುದು ಗುರುತಿನ ಸಂಖ್ಯೆಯಿಂದ ಮಾತ್ರ. ಮಕ್ಕಳು ಅಪ್ಪನ ಸಂಖ್ಯೆ, ಅಮ್ಮನ ಸಂಖ್ಯೆ ಹಾಕಿ ಆಡತೊಡಗಿದರು. ಕೆಲವರು ಕದ್ದು ಹಾಕಿದರು. ಕೆಲವು ಮನೆಗಳಲ್ಲಿ ರಗಳೆಯೇ ಬೇಡವೆಂದು ಹೆತ್ತವರೇ ಕೊಟ್ಟರು. ಮೊಬೈಲ್ ಆಟಗಳು ಕಾನೂನಿನ ಹೊರಗಿದ್ದವು. ಆ ವರ್ಷಗಳಲ್ಲೇ ಆಟವೆಲ್ಲ ಕಂಪ್ಯೂಟರಿನಿಂದ ಮೊಬೈಲಿಗೆ ಇಳಿಯಿತು. 2014ರಲ್ಲಿ ಸಂವಿಧಾನ ನ್ಯಾಯಾಲಯ ಈ ಕಾನೂನನ್ನೂ ಎತ್ತಿಹಿಡಿಯಿತು. ಆದರೆ ಮಕ್ಕಳ ಇಂಟರ್‌ನೆಟ್ ಬಳಕೆಯನ್ನು ಅಳೆದು ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಿಸಲಿಲ್ಲ. 2021ರಲ್ಲಿ, ಲೋಕದ ಮಕ್ಕಳೆಲ್ಲ ಇಟ್ಟಿಗೆ ಜೋಡಿಸಿದಂತೆ ಆಡುವ 'ಮೈನ್‌ಕ್ರಾಫ್ಟ್' ಈ ಕಾನೂನಿನ ತೊಡಕಿನಿಂದಾಗಿ ಕೊರಿಯಾದಲ್ಲಿ ವಯಸ್ಕರ ಆಟವಾಗಿಬಿಡುವ ಪರಿಸ್ಥಿತಿ ಬಂತು. ಜನ ನಕ್ಕರು, ಕೋಪಿಸಿಕೊಂಡರು. ಸರಕಾರ ಕಾನೂನನ್ನು ರದ್ದು ಮಾಡಿತು. ಉಳಿದದ್ದು 2012ರಿಂದಲೇ ಇದ್ದ ಇನ್ನೊಂದು ಏರ್ಪಾಟು. ಅದರಲ್ಲಿ ತಂದೆ ತಾಯಿ ಅಥವಾ ಮಗು ಕೇಳಿಕೊಂಡರೆ, ಅವರು ಹೇಳಿದ ಹೊತ್ತಿನಲ್ಲಿ ಆಟ ನಿಲ್ಲುತ್ತದೆ. ಹತ್ತು ವರ್ಷ ಸುತ್ತಾಡಿದ ಜವಾಬ್ದಾರಿ ಹೊರಟಲ್ಲಿಗೇ, ಮನೆಗೇ ಮರಳಿತು.

ಚೀನಾ ಇದಕ್ಕಿಂತ ಬಿಗಿಯಾದ ದಾರಿ ಹಿಡಿಯಿತು. 2021ರ ಸೆಪ್ಟೆಂಬರಿನಿಂದ ಅಲ್ಲಿ ಹದಿನೆಂಟು ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ, ಅದೂ ರಾತ್ರಿ ಎಂಟರಿಂದ ಒಂಬತ್ತರವರೆಗೆ ಆಟ. ಅಲ್ಲಿಯೂ ಮಕ್ಕಳು ದೊಡ್ಡವರ ಗುರುತಿನ ಸಂಖ್ಯೆಗಳ ಮೊರೆ ಹೊಕ್ಕರು. ಅರುವತ್ತು ದಾಟಿದ ಅಜ್ಜ ಅಜ್ಜಿಯರ ಹೆಸರಿನಲ್ಲಿ ನಡುರಾತ್ರಿ ಬಂದೂಕಿನ ಆಟಗಳು ನಡೆದವು. ಕಂಪೆನಿಗಳು ರಾತ್ರಿ ಆಡುವವರ ಮುಖವನ್ನೇ ಕ್ಯಾಮೆರಾದಲ್ಲಿ ಪರೀಕ್ಷಿಸಲು ಹೊರಟವು.

ನಮ್ಮ ದೇಶಕ್ಕೆ ಈ ಅಲೆ ಬಂದದ್ದು ಕೊರಿಯಾದಿಂದಲೇ. ಕೊರಿಯಾದ ಕಂಪೆನಿಯೊಂದು 2017ರಲ್ಲಿ ಮಾಡಿದ ಪಬ್‌ಜಿ, 2018ರ ಮಾರ್ಚಿನಲ್ಲಿ ಚೀನಾದ ಟೆನ್ಸೆಂಟ್ ಕಂಪೆನಿಯ ಮೂಲಕ ಮೊಬೈಲಿಗೆ ಬಂತು. ಅಗ್ಗದ ಇಂಟರ್‌ನೆಟ್ ಅದಕ್ಕಿಂತ ಮೊದಲೇ ಬಂದಿತ್ತು. 2019ರ ಮಾರ್ಚಿನಲ್ಲಿ ಗುಜರಾತಿನ ರಾಜಕೋಟ್‌ನಲ್ಲಿ ಪೊಲೀಸರು ಈ ಆಟವನ್ನು ನಿಷೇಧಿಸಿ, ಆಡುತ್ತಿದ್ದ ಕಾಲೇಜು ಹುಡುಗರನ್ನು ಬಂಧಿಸಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರವೇ ಪಬ್‌ಜಿಯನ್ನು ನಿಷೇಧಿಸಿತು. ಆದರೆ ಕಾರಣ ಮಕ್ಕಳ ಗೀಳಲ್ಲ, ಗಲ್ವಾನ್ ಸಂಘರ್ಷದ ನಂತರದ ಭದ್ರತೆಯ ಪ್ರಶ್ನೆ. 2021ರ ಜುಲೈಯಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಮರಳಿತು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿದರು. ಜೊತೆಗೆ ಹೆತ್ತವರ ಫೋನ್ ಸಂಖ್ಯೆ ಕೊಡಬೇಕೆಂಬ ನಿಯಮ ಮಾಡಿದರು. ಆದರೆ ಹೆತ್ತವರ ಫೋನ್ ಮಗುವಿನ ಕೈಯಲ್ಲೇ ಇದ್ದರೆ, ಒಟಿಪಿ ಬರುವುದೂ ಆ ಕೈಗೇ! ಸಿಯೋಲ್, ಶಾಂಘೈ, ಶಿವಮೊಗ್ಗ, ಎಲ್ಲಿಯೇ ನೋಡಿದರೂ ಬೀಗದ ಕೀಲಿ ಇರುವುದು ಹೆತ್ತವರ ಹೆಸರಿನಲ್ಲಿ. ಅದನ್ನು ಹಿಡಿದಿರುವವರು ಮಕ್ಕಳು.

ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಜೂಜಿನಿಂದ ಎಷ್ಟೋ ಮನೆಗಳು ಮುಳುಗಿವೆ. ಅಲ್ಲಿ ಸರಕಾರದ ಕೈ ಬೇಕೇ ಬೇಕು. ಆದರೆ ಹಣ ಕಟ್ಟದ, ಬರೀ ಹೊತ್ತು ತಿನ್ನುವ ಆಟವನ್ನು ಯಾವ ಕಾನೂನು ಅಳೆದೀತು?

ಈ ಅಳತೆಯ ಪ್ರಶ್ನೆ ಹೊಸದಲ್ಲ. ನಮ್ಮ ನೆಲದ ಚದುರಂಗ ಪರ್ಶಿಯಾದ ಹಾದಿಯಲ್ಲಿ ಅರಬರನ್ನು ತಲಪಿ 'ಶತ್‌ರಂಜ್' ಆಯಿತು. ಬಗ್ದಾದಿನ ಅಬ್ಬಾಸಿ ಖಲೀಫರ ಆಸ್ಥಾನದಲ್ಲಿ ಅದರ ನಿಪುಣರಿದ್ದರು, ಅದರ ಬಗ್ಗೆ ಗ್ರಂಥಗಳು ಹುಟ್ಟಿದವು. ಧರ್ಮಶಾಸ್ತ್ರಜ್ಞರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಇಮಾಮ್ ಅಬೂ ಹನೀಫಾ, ಇಮಾಮ್ ಮಾಲಿಕ್ ಅದನ್ನು ಒಪ್ಪಲಿಲ್ಲ. ನಮ್ಮ ಕರಾವಳಿಯ ಹೆಚ್ಚಿನ ಮುಸ್ಲಿಮರು ಅನುಸರಿಸುವ ಇಮಾಮ್ ಶಾಫಿಈಯವರ ಮದ್‌ಹಬ್ ಅದನ್ನು ಮೆಚ್ಚಲಿಲ್ಲ, ನಿಷಿದ್ಧವೆಂದೂ ಹೇಳಲಿಲ್ಲ. ಷರತ್ತು ಹಾಕಿತು. ಆಟದಲ್ಲಿ ಪಣವಿರಬಾರದು, ಆಟದ ಗುಂಗಿನಲ್ಲಿ ನಮಾಝ್ ತಪ್ಪಬಾರದು. ಇದರರ್ಥ, ಆಟವನ್ನು ಅಳೆಯುವುದು ಅದರ ಹಲಗೆಯನ್ನು ನೋಡಿ ಅಲ್ಲ, ಅದು ಬದುಕಿನಿಂದ ಏನನ್ನು ಹೊರತಳ್ಳುತ್ತದೆ ಎಂಬುದನ್ನು ನೋಡಿ.

ಇಂದಿನ ವೈದ್ಯಶಾಸ್ತ್ರವೂ ಬಂದು ನಿಂತಿರುವುದು ಇದರ ಆಸುಪಾಸಿನಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆಯೂ ಇದೆ. ಅದಕ್ಕೆ ಮೂರು ಲಕ್ಷಣ ಹೇಳಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಬೇರೆಲ್ಲ ಆಸಕ್ತಿ ಮತ್ತು ದಿನನಿತ್ಯದ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಒಂದು ವರ್ಷ ಹೀಗೆ ನಡೆದರೆ ಕಾಯಿಲೆ ಎನ್ನುತ್ತಾರೆ. ಆಡುವವರಲ್ಲಿ ಇದು ಬರುವುದು ಸಣ್ಣ ಪಾಲಿಗೆ ಮಾತ್ರ. ದಿನಕ್ಕೆ ಒಂದು ಗಂಟೆ ಆಡಿ, ಓದಿ, ಉಂಡು, ಮಲಗುವ ಹುಡುಗ ರೋಗಿಯಲ್ಲ. ಈ ಪಟ್ಟಿ ಜಾರಿಗೆ ಬಂದ ದಿನ 2022ರ ಜನವರಿ 1. ಲೋಕ ಗೀಳನ್ನು ಕಾಯಿಲೆಯೆಂದು ಒಪ್ಪಿದ ದಿನವೇ ಕೊರಿಯಾದ ಕಾನೂನು ಕೊನೆಗೊಂಡಿತು. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಸ್ಪಷ್ಟ. ಸಮಸ್ಯೆ ನಿಜ, ಆದರೆ ಅದರ ಮದ್ದು ಸ್ವಿಚ್ಚಿನಲ್ಲಿಲ್ಲ.

ಹಾಗಾದರೆ ಹೆತ್ತವರು ಏನು ಮಾಡಬೇಕು? ಒಂಬೈನೂರು ವರ್ಷಗಳ ಹಿಂದೆ ತೀರಿಕೊಂಡ ಇಮಾಮ್ ಗಝ್ಝಾಲಿ ಮಕ್ಕಳ ತರಬೇತಿಯ ಬಗ್ಗೆ ಬರೆಯುತ್ತಾ, ಪಾಠ ಮುಗಿಸಿ ಬಂದ ಮಗುವಿಗೆ ಒಳ್ಳೆಯ ಆಟವಾಡಲು ಬಿಡಬೇಕೆಂದೂ, ಆಟ ತಡೆದು ಬರೀ ಓದನ್ನೇ ಹೇರಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂದೂ ತಿಳಿಸಿದ್ದಾರೆ. ಹಾಗ್ವಾನಿನ ಕೊರಿಯಾ ಈ ಮಾತನ್ನು ಕೇಳಿರಲಿಲ್ಲ. ನಾವು ಕೇಳಿಯೂ ಮರೆತಿದ್ದೇವೆ. ನಮ್ಮ ಮಕ್ಕಳಿಗೆ ಬೆಳಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್. ಆಟದ ಬಯಲುಗಳಲ್ಲಿ ಕಟ್ಟಡಗಳು ಎದ್ದಿವೆ. ಹೆಣ್ಣುಮಕ್ಕಳಿಗಂತೂ ಬಯಲು ಎಂದೂ ಇರಲೇ ಇಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಫೋನ್ ಕೊಟ್ಟೆವು. ಶಾಲೆ ತೆರೆಯಿತು, ಫೋನ್ ಮಾತ್ರ ಮರಳಿ ಬರಲಿಲ್ಲ. ಆಡಲು ಉಳಿದ ಒಂದೇ ಬಯಲು ಅಂಗೈಯಗಲದ ಪರದೆ.

ಕರಾವಳಿಯ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಬರುವಾಗ ಮಗನಿಗೆ ಹೊಸ ಫೋನ್ ತರುತ್ತಾನೆ. ಅದು ಅವನ ಪ್ರೀತಿ. ತಾಯಿಯೊಬ್ಬಳೇ ಮನೆ ನೋಡಬೇಕು, ಮಗನನ್ನು ಗದರಿಸಬೇಕು, ರಾತ್ರಿ ವಾಟ್ಸ್ಯಾಪ್‌ನಲ್ಲಿ ಗಂಡನಿಗೆ ವರದಿ ಒಪ್ಪಿಸಬೇಕು. ಊರಲ್ಲೇ ಇರುವ ತಂದೆಯೂ ಇಶಾ ನಮಾಝಿನ ಬಳಿಕ ಮನೆಗೆ ಬಂದು ತನ್ನ ಫೋನಿನಲ್ಲಿ ಮುಳುಗುವುದಾದರೆ ಅವನಿಗೂ ಗಲ್ಫ್‌ನಲ್ಲಿರುವವನಿಗೂ ವ್ಯತ್ಯಾಸವೇನು? ಮಗನ ಕೈಯಿಂದ ಫೋನ್ ಕಸಿಯುವ ಮೊದಲು ನಮ್ಮ ಕೈಯಲ್ಲಿರುವುದನ್ನು ಕೆಳಗಿಡಬೇಕು.

ಮಗ ಏನು ಆಡುತ್ತಾನೆಂದು ಅವನ ಪಕ್ಕದಲ್ಲಿ ಕೂತು ಒಮ್ಮೆ ನೋಡಬೇಕು. ಪಬ್‌ಜಿಯ ಒಂದು ಪಂದ್ಯದಲ್ಲಿ ನೂರು ಜನ ಇಳಿಯುತ್ತಾರೆ, ಅದು ಮುಗಿಯಲು ಸುಮಾರು ಅರ್ಧ ಗಂಟೆ ಬೇಕು, ಮೂವರು ಗೆಳೆಯರು ಅವನನ್ನು ನಂಬಿರುತ್ತಾರೆ. ನಡುವಲ್ಲಿ ಫೋನ್ ಕಿತ್ತುಕೊಂಡರೆ, ಗಲ್ಲಿ ಕ್ರಿಕೆಟ್ಟಿನಲ್ಲಿ ಓವರ್ ಮುಗಿಯದೆ ಬೌಲರನನ್ನು ಎಳೆದೊಯ್ದಂತೆ. 'ಇನ್ನೊಂದು ಪಂದ್ಯ, ಆಮೇಲೆ ಬಂದ್' ಎಂದರೆ ಅವನಿಗೆ ಅರ್ಥವಾಗುತ್ತದೆ. ಅದಕ್ಕೆ ನಾವೂ ಅವನೂ ಮೊದಲೇ ಕೂತು ಹೊತ್ತು ಗೊತ್ತು ಮಾಡಿರಬೇಕು. ರಾತ್ರಿ ಮನೆಯ ಎಲ್ಲರ ಫೋನ್‌ಗಳೂ, ದೊಡ್ಡವರದ್ದೂ ಸೇರಿ, ಮಲಗುವ ಕೋಣೆಯ ಹೊರಗಿರಲಿ. ಸಂಜೆ ಒಂದು ಗಂಟೆ ಬಯಲಿಗೋ ಅಂಗಳಕ್ಕೋ ಮೀಸಲಾಗಲಿ. ಬಯಲಿಲ್ಲದ ಮೊಹಲ್ಲಾದಲ್ಲಿ ಮಸೀದಿಯ ಜಮಾಅತ್ ಶಾಲೆಯವರನ್ನು ಕೇಳಿ ಸಂಜೆ ಅದರ ಮೈದಾನ ತೆರೆಸಬಹುದು. ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿರಲಿ.

ಇಷ್ಟಾದರೂ ಮಗು ಊಟ, ನಿದ್ದೆ, ಶಾಲೆ ಬಿಟ್ಟು ಆಟಕ್ಕೇ ಅಂಟಿಕೊಂಡರೆ ಅದನ್ನು ಹಟವೆಂದು ಹೊಡೆಯಬಾರದು, ಜಿನ್ನ್ ಹಿಡಿದಿದೆಯೆಂದು ತಾಯತ ಕಟ್ಟಿಸಿ ಸುಮ್ಮನಾಗಲೂಬಾರದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗಾಗಿ 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ಸಲ ಆಟದ ಹಿಂದೆ ಬೇರೊಂದು ನೋವು ಅಡಗಿರುತ್ತದೆ. ಶಾಲೆಯಲ್ಲಿ ಆಗುವ ಅವಮಾನ, ಪರೀಕ್ಷೆಯ ಭಯ, ಮನೆಯ ಜಗಳ. ಅದನ್ನು ಕೇಳುವ ಕಿವಿ ಬೇಕು.

ಪ್ರೇಮಚಂದರು 1924ರಲ್ಲಿ ಬರೆದ 'ಶತ್‌ರಂಜ್ ಕೇ ಖಿಲಾಡಿ' ಕತೆಯಲ್ಲಿ ಲಖ್ನೋದ ಇಬ್ಬರು ನವಾಬಿ ಜಹಗೀರುದಾರರು ಮನೆ, ಸಂಸಾರ, ರಾಜ್ಯ ಎಲ್ಲವನ್ನೂ ಮರೆತು ಚದುರಂಗ ಆಡುತ್ತಾರೆ. ಅತ್ತ ಕಂಪೆನಿ ಸರಕಾರದ ಸೈನ್ಯ ಬಂದು ಅವಧ್ ಅನ್ನು ನುಂಗುತ್ತದೆ. ಆ ಕತೆಯಲ್ಲಿ ಆಡುವವರು ಮಕ್ಕಳಲ್ಲ, ಮನೆಯ ಯಜಮಾನರು. ಮಕ್ಕಳು ಅಮಾನತ್ತು ಎಂದು ನಾವು ನಂಬಿದವರು. ಅಮಾನತ್ತನ್ನು ಕಾಯಲು ಸರಕಾರಕ್ಕೆ ಒಪ್ಪಿಸಿದ ಕೊರಿಯಾ ಹತ್ತು ವರ್ಷಗಳ ಬಳಿಕ ಅದನ್ನು ಹೆತ್ತವರಿಗೇ ಮರಳಿಸಿತು. ನಮ್ಮ ಮಕ್ಕಳಿಗೆ ಹದಿಹರೆಯ ಇರುವುದು ಏಳೇ ವರ್ಷ. ಹತ್ತು ವರ್ಷ ಕಾಯಲು ನಮಗೆ ಪುರಸೊತ್ತಿಲ್ಲ.